ದಸ್ತಗೀರ್, ದಸ್ತಗಿರಿ: ಎರಡೂ ಒಂದೇ ಕೈಯಾ?

ಎಲ್ಲರಿಗೂ ನಮಸ್ಕಾರ.

ಹಾಲಿವುಡ್ ನಟ ಸಾಬು ಬಗ್ಗೆ ಒಂದು ಪುಟ್ಟ ಬರಹ ಬರೆಯುತ್ತಾ ಕೂತಿದ್ದೆ. ಮೇಲೆ ದಪ್ಪಕ್ಷರದಲ್ಲಿ 'ಸಾಬು ದಸ್ತಗೀರ್' ಅಂತಿತ್ತು. ಹಿಂದಿನಿಂದ ಬಗ್ಗಿ ನೋಡಿದ ಮಗಳು, "ಯಾಕಪ್ಪಾ, ಅವನೇನು ಮಾಡಿದ್ದ?" ಅಂದಳು. ಪೇಪರಿನಲ್ಲಿ 'ಮೂವರ ದಸ್ತಗಿರಿ' ಅಂತ ಓದಿ ಓದಿ ಅವಳಿಗೆ ಅದು ಪೊಲೀಸರ ಮಾತು. ನಕ್ಕುಬಿಟ್ಟೆ. ಆಮೇಲೆ ನೋಡಿದರೆ ಅವಳು ಕೇಳಿದ್ದರಲ್ಲಿ ಹುರುಳಿತ್ತು.

ಎರಡೂ ಪಾರಸಿಯಿಂದ ಬಂದವು. ದಸ್ತ್ ಅಂದರೆ ಕೈ, ಗೀರ್ ಅಂದರೆ ಹಿಡಿಯುವವನು. ನಮ್ಮ ದಸ್ಕತ್ತು, ದಸ್ತಾವೇಜುಗಳಲ್ಲಿ ಇರುವುದೂ ಅದೇ ಕೈ. ಗೀರ್ ಜಹಗೀರಿನಲ್ಲಿದೆ, ಜಹಾಂಗೀರ್ ಅನ್ನುವ ಹೆಸರಿನಲ್ಲೂ ಇದೆ. ಲೋಕವನ್ನೇ ಹಿಡಿದವನು ಅಂತ ಅದರ ಅರ್ಥ. (ಬೇಕರಿಯ ಜಹಾಂಗೀರ್ ಹಿಡಿದಿಟ್ಟಿರುವುದು ಬರೀ ಸಕ್ಕರೆ ಪಾಕ, ಬಿಡಿ.)

ಹೆಸರಾಗಿ ಬಂದಾಗ ದಸ್ತಗೀರ್ ಅಂದರೆ ಬಿದ್ದವರನ್ನು ಕೈಹಿಡಿದು ಎತ್ತುವವನು. ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯವರನ್ನು ಪೀರ್-ಎ-ದಸ್ತಗೀರ್ ಅನ್ನುವುದು ಅದಕ್ಕೇ. ಉರ್ದುವಿನಲ್ಲಿ ದಸ್ತಗೀರಿ ಅಂದರೆ ನೆರವು, ಬಂಧನಕ್ಕೆ ಅಲ್ಲಿ ಗಿರಫ್ತಾರಿ. ಪಾರಸಿಯಲ್ಲಿ ಎರಡು ಅರ್ಥವೂ ಉಂಟು. ಇವತ್ತಿಗೂ ಇರಾನಿನ ಸುದ್ದಿಯಲ್ಲಿ ಪೊಲೀಸರ ಕೈಗೆ ಸಿಕ್ಕವನು ದಸ್ತ್‌ಗೀರ್. ಕನ್ನಡಕ್ಕೆ ಬರುವಾಗ ಪಾಲಾಗಿಬಿಟ್ಟಿದೆ: ಮನೆಯ ಹೆಸರಿಗೆ ನೆರವಿನ ಕೈ, ಠಾಣೆಗೆ ಕೋಳದ ಕೈ. ನಮ್ಮದೇ ಮಾತುಗಳೂ ಹೀಗೇ ಅಲ್ವಾ? ಕೈಹಿಡಿದವಳು ಹೆಂಡತಿ. ಅದೇ ಕೈಗೆ ಸೆರೆ ಸೇರಿದರೆ ಕೈಸೆರೆ.

ಇನ್ನು ಸಾಬು. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದವನು. ಕಬಿನಿ ನೋಡಲು ಹೋದವರು ಆ ಊರು ದಾಟಿಯೇ ಇರುತ್ತೀರಿ. ಅಪ್ಪ ಮಹಾರಾಜರ ಆನೆಗಳ ಮಾವುತ. ಅಪ್ಪ ತೀರಿಹೋದ ಮೇಲೆ ಹುಡುಗ ಆನೆ ಲಾಯದಲ್ಲೇ ಬೆಳೆದ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಸಿನಿಮಾ ಮಾಡಲು ಬಂದಾಗ ಅವನ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು. ಆಮೇಲೆ 'ದಿ ಥೀಫ್ ಆಫ್ ಬಾಗ್ದಾದ್', 1942ರಲ್ಲಿ ಮೌಗ್ಲಿಯ ಪಾತ್ರ. 1944ರಲ್ಲಿ ಅಮೆರಿಕದ ಪ್ರಜೆಯಾಗಿ ವಾಯುಪಡೆ ಸೇರಿ ಬಿ-24 ಬಾಂಬರಿನಲ್ಲಿ ಗನ್ನರ್ ಆದ, ಪದಕವನ್ನೂ ಪಡೆದ. ಯುದ್ಧ ಮುಗಿದ ಮೇಲೆ ಒಳ್ಳೆಯ ಪಾತ್ರಗಳು ಕಡಿಮೆಯಾದವು. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ಸತ್ತಾಗ ವಯಸ್ಸು ಬರೀ 39.

ತಮಾಷೆ ಏನೆಂದರೆ, ದಸ್ತಗೀರ್ ಅವನ ಹೆಸರೇ ಅಲ್ಲ, ಜೊತೆಗೆ ಇಂಗ್ಲೆಂಡಿಗೆ ಹೋದ ಅಣ್ಣನದು, ಇವನು ಸೇಲಾರ್ ಶೇಖ್ ಸಾಬು ಅನ್ನುವವರಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಪಾಸ್‌ಪೋರ್ಟಿಗೋಸ್ಕರ ನಮ್ಮವರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿಕೊಳ್ಳುವುದಿಲ್ಲವೇ, ಹಾಗೆ ಅಣ್ಣನ ಹೆಸರು ತಮ್ಮನಿಗೆ ಅಂಟಿಕೊಂಡಿರಬೇಕು.

ನನ್ನ ಪ್ರಶ್ನೆ ಬೀದರ್, ಕಲಬುರಗಿ, ವಿಜಯಪುರದ ಕಡೆಯವರಿಗೆ. 'ದಸ್ತಗಿರಿ' ಅನ್ನುವುದನ್ನು ನೆರವು, ಆಸರೆ ಅನ್ನುವ ಅರ್ಥದಲ್ಲಿ ಕನ್ನಡದ ಮಾತಿನಲ್ಲಿ ಕೇಳಿದ್ದೀರಾ? ಹಿರಿಯರ ಬಾಯಲ್ಲಿ, ದರ್ಗಾದ ಹಾಡಿನಲ್ಲಿ, ಎಲ್ಲಾದರೂ ಸರಿ.

ಅಂದಹಾಗೆ ಇನ್ನೊಂದು. ಸಾಬುವನ್ನು 'ಮಾವುತ ಹುಡುಗ' ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ. ಆನೆಯ ಕತ್ತಿನ ಮೇಲೆ ಕೂತು ನಡೆಸುವವನು ಮಾವುತ. ಸೊಪ್ಪು ತಂದು ಹಾಕಿ, ಹೊಳೆಯಲ್ಲಿ ಮೈ ಉಜ್ಜಿ, ಮಾವುತನಿಗೆ ನೆರವಾಗುವವನು ಕಾವಾಡಿ. ಇಂಗ್ಲಿಷಿನವರು ಇಬ್ಬರನ್ನೂ ಸೇರಿಸಿ 'ಮಹೌಟ್' ಅಂದುಬಿಡುತ್ತಾರೆ. ಲಾಯದಲ್ಲಿ ಬೆಳೆದ ಹುಡುಗನಿಗೆ 'ಕಾವಾಡಿ ಹುಡುಗ' ಅಂದರೆ ಒಪ್ಪುತ್ತದೆಯೇ? ಮತ್ತಿಗೋಡು, ದುಬಾರೆ ಶಿಬಿರಗಳ ಮಾತು ಬಲ್ಲವರು ಹೇಳಿ.