ಪಕ್ಕವಾದ್ಯವಿಲ್ಲದ ಟ್ರಾಂಬೋನ್ ಕಛೇರಿ: ಬಾಖ್, ಬೆರಿಯೊ, ರಾಬೆ – ಯಾವುದು ಮೊದಲು?

ಪ್ರಶ್ನೆ

ಪಿಯಾನೊ ಇಲ್ಲದೆ, ಟ್ರಾಂಬೋನ್ ಒಂದರಲ್ಲೇ 45 ನಿಮಿಷದ ಕಛೇರಿ ಕೊಡಬೇಕಿದೆ. ಸದ್ಯದ ಪಟ್ಟಿ ಹೀಗಿದೆ: ಬಾಖ್‌ನ ಮೊದಲ ಚೆಲ್ಲೊ ಸ್ವೀಟ್ (ಹಲವು ಭಾಗಗಳ ಕೃತಿಮಾಲೆ) ಪೂರ್ತಿ, ಲುಚಾನೊ ಬೆರಿಯೊ ಅವರ ‘ಸೆಕ್ವೆನ್ಜಾ 5’, ಮಾಲ್ಕಮ್ ಆರ್ನಲ್ಡ್ ಅವರ ‘ಫ್ಯಾಂಟಸಿ’, ಕೊನೆಗೆ ಫೋಲ್ಕೆ ರಾಬೆ ಅವರ ‘ಬಾಸ್ಟಾ’. ಈ ಕ್ರಮ ಸರಿಯೇ? ಪ್ರತಿ ಕೃತಿಯ ಹಿಂದಿನ ಪ್ರೇರಣೆಯನ್ನು ಸಭಿಕರಿಗೆ ಬಾಯಲ್ಲಿ ಹೇಳಬೇಕೆ, ಇಲ್ಲ ಹಾಳೆಯಲ್ಲಿ ಅಚ್ಚು ಹಾಕಿಸಿದರೆ ಸಾಕೆ? ವಾದ್ಯ ಎಫ್ ಟ್ರಿಗರ್ (ಹೆಚ್ಚುವರಿ ಕೊಳವೆ ಸೇರಿಸಿ ಸ್ವರ ಇಳಿಸುವ ಹೆಬ್ಬೆರಳ ಕೀಲಿ) ಇರುವ ಟೆನರ್ ಟ್ರಾಂಬೋನ್. ಪ್ಲಂಜರ್ (ವಾದ್ಯದ ಬಾಯಿಗೆ ಹಿಡಿದು ಮುಚ್ಚಿ ತೆರೆಯುವ ಬಟ್ಟಲು) ರಬ್ಬರಿನದು.

ಉತ್ತರ 1

ಕ್ರಮ ತಿರುಗಿಸಿ. ‘ಬಾಸ್ಟಾ’ ಮೊದಲಿಗೆ ಬರಲಿ. 1982ರಲ್ಲಿ ಟ್ರಾಂಬೋನ್ ವಾದಕ ಕ್ರಿಶ್ಚಿಯನ್ ಲಿಂಡ್‌ಬರ್ಗ್ ಅವರಿಗಾಗಿ ಬರೆದದ್ದು ಅದು. ಸುದ್ದಿ ಹೊತ್ತವನೊಬ್ಬ ಓಡಿ ಬಂದು, ಹೇಳಬೇಕಾದ್ದನ್ನು ಹೇಳಿ, ‘ಸಾಕು’ ಎಂದು ಹೊರಟುಬಿಡುತ್ತಾನೆ ಎಂಬುದೇ ಅದರ ಬೀಜ. ಅರ್ಧ ಗಂಟೆಯಿಂದ ವೇದಿಕೆಯ ಮೇಲೇ ಇದ್ದವರು ಓಡಿ ಬಂದಂತೆ ನುಡಿಸಿದರೆ ಯಾರು ನಂಬುತ್ತಾರೆ?

ತೊಡಕು ಒಂದೇ: ತುಟಿ ತಣ್ಣಗಿರುವಾಗ ಅದನ್ನು ಶುರು ಮಾಡಲಾಗದು. 20 ನಿಮಿಷ ಮೊದಲೇ ತುಟಿ ಪಳಗಿಸಿಕೊಳ್ಳಿ, ಆಮೇಲೆ ಪರದೆಯ ಹಿಂದೆ ನಿಂತು ವಾದ್ಯದೊಳಗೆ ಸದ್ದಿಲ್ಲದೆ ಬಿಸಿಯುಸಿರು ಊದುತ್ತಿರಿ. ಒಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು) ಇಳಿಯುತ್ತದೆ. ಓಡುವ ಮುಂಚೆ ನೀರಿನ ಕೀಲಿ ಒತ್ತಿ ನೀರು ಬಿಡುವುದನ್ನು ಮರೆಯಬೇಡಿ.

ಆಮೇಲೆ ಬಾಖ್, ಆರ್ನಲ್ಡ್, ಕೊನೆಗೆ ಬೆರಿಯೊ. ಹಾಡುತ್ತಾ ಊದುವ ಎರಡು ಕೃತಿಗಳನ್ನು (‘ಬಾಸ್ಟಾ’, ಬೆರಿಯೊ) ಒತ್ತಟ್ಟಿಗೆ ಇಟ್ಟರೆ ಗಂಟಲು ಒಣಗುತ್ತದೆ. 45 ನಿಮಿಷದಲ್ಲಿ ತುಟಿಗೆ ಬೀಳುವ ಕೆಲಸ 30 ನಿಮಿಷ ಮೀರದಿರಲಿ.

ಉತ್ತರ 2

ಹಾಗಾದರೆ ಬಾಖ್ ಪೂರ್ತಿ ಬೇಡ. ಆರು ಭಾಗ ಸೇರಿದರೆ ಹತ್ತಿರ ಹತ್ತಿರ 18 ನಿಮಿಷ. ಚೆಲ್ಲೊದ ಕಮಾನಿಗೆ ಉಸಿರು ಬೇಕಿಲ್ಲ, ನಿಮಗೆ ಬೇಕು. ಪ್ರಿಲ್ಯೂಡ್, ಸಾರಬಾಂಡ್, ಜೀಗ್ ಸಾಕು.

ಪ್ರಿಲ್ಯೂಡ್‌ನಲ್ಲಿ ವಿರಾಮವೇ ಇಲ್ಲ. ಉಸಿರಿಗಾಗಿ ಲಯ ಹಿಗ್ಗಿಸುವುದು ಹಲವರ ತಪ್ಪು. ಆರಂಭದ ಬಾರ್‌ಗಳನ್ನು (ತಾಳದ ಆವರ್ತಗಳನ್ನು) ನೋಡಿ: ಮೊದಲರ್ಧದಲ್ಲಿ ಬಂದದ್ದೇ ಎರಡನೆಯ ಅರ್ಧದಲ್ಲಿ ಮತ್ತೆ ಬರುತ್ತದೆ. ಎರಡನೆಯ ಅರ್ಧದ ಒಳಗಿನ ಒಂದು ಸ್ವರ ಬಿಟ್ಟು ಅಲ್ಲಿ ಉಸಿರು ತೆಗೆದುಕೊಳ್ಳಿ. ಕಿವಿ ಆ ಸ್ವರವನ್ನು ಆಗಲೇ ಕೇಳಿರುವುದರಿಂದ ತಾನೇ ತುಂಬಿಕೊಳ್ಳುತ್ತದೆ. ತಳದ ಸ್ವರವನ್ನು ಮಾತ್ರ ಬಿಡಬೇಡಿ, ಇಡೀ ಕಟ್ಟಡ ಅದರ ಮೇಲೆ ನಿಂತಿದೆ. ಚೆಲ್ಲೊದ ಅತಿ ಕೆಳಗಿನ ಸಿ ನಿಮ್ಮ ಟ್ರಿಗರ್‌ನಲ್ಲಿ ಸ್ಲೈಡ್‌ನ (ಎಳೆದು ತಳ್ಳುವ ಕೊಳವೆಯ) ಹೆಚ್ಚುಕಡಿಮೆ ತುದಿಯಲ್ಲಿ ಸಿಗುತ್ತದೆ. ಅಲ್ಲಿಗೆ ಕೈ ಚಾಚುವಾಗ ಭುಜ ತಿರುಗಿದರೆ ಮೌತ್‌ಪೀಸ್ ತುಟಿಯಿಂದ ಜರುಗುತ್ತದೆ, ಸ್ವರ ಒಡೆಯುತ್ತದೆ.

ಇನ್ನು ಹಾಡುತ್ತಾ ಊದುವುದು. ವಾದ್ಯದಲ್ಲಿ ಸ ಹಿಡಿದು ಗಂಟಲಲ್ಲಿ ಅದೇ ಸ ಗುನುಗಿ, ನಿಧಾನ ಜಾರುತ್ತಾ ಪಂಚಮಕ್ಕೆ ಬನ್ನಿ. ಪಂಚಮ ಶುದ್ಧವಾದ ಕ್ಷಣ ಯಾರೂ ನುಡಿಸದ ಅಂತರ ಗಾಂಧಾರ ಮೇಲೆ ಕೇಳುತ್ತದೆ, ತಂಬೂರಿಯಲ್ಲಿ ತಾನಾಗಿ ಮೂಡುವ ಗಾಂಧಾರದಂತೆ. ಕಾರಣ ಸರಳ: ಸ 2, ಪ 3 ಎಂದಿಟ್ಟುಕೊಂಡರೆ ಎರಡರ ಮೊತ್ತ 5. ದನಿ ಸಣ್ಣದಾದರೆ ಗಾಂಧಾರ ಕೇಳದು. ಹೆಣ್ಣು ದನಿ ಪಂಚಮವನ್ನು ಒಂದು ಸ್ಥಾಯಿ ಮೇಲೆ ಹಾಡಿದರೆ ಮೊತ್ತ 8 ಆಗಿ ಮತ್ತೆ ಷಡ್ಜವೇ ಹುಟ್ಟುತ್ತದೆ, ಗಾಂಧಾರ ಮಾಯ.

ಉತ್ತರ 3

ಬೆರಿಯೊಗೆ ರಬ್ಬರ್ ಪ್ಲಂಜರ್ ನಡೆಯದು. ಬೆಲ್‌ನ (ವಾದ್ಯದ ಅಗಲ ಬಾಯಿಯ) ಒಳಗೋಡೆಗೆ ಅದನ್ನು ಪಟಪಟ ಬಡಿಸಬೇಕು. ರಬ್ಬರ್ ಆ ಸದ್ದನ್ನು ನುಂಗುತ್ತದೆ. ಲೋಹದ್ದು ತನ್ನಿ.

ಪ್ರೇರಣೆಯ ಮಾತು ಇಲ್ಲಿ ಅಲಂಕಾರವಲ್ಲ, ನುಡಿಸುವ ವಿಧಾನವೇ ಅದು. ಬೆರಿಯೊ ಹುಟ್ಟಿದ್ದು ಇಟಲಿಯ ಒನೆಲ್ಯಾದಲ್ಲಿ. ಪ್ರಸಿದ್ಧ ಸ್ವಿಸ್ ಕ್ಲೌನ್ ಗ್ರಾಕ್ ನೆಲೆಸಿದ್ದೂ ಅಲ್ಲೇ. ಪ್ರದರ್ಶನದ ನಡುವೆ ಗ್ರಾಕ್ ಕೇಳುತ್ತಿದ್ದ ‘ಏಕೆ?’ ಎಂಬ ಪ್ರಶ್ನೆ 1966ರ ಈ ಕೃತಿಯ ಹೊಕ್ಕುಳು. ಇಂಗ್ಲಿಷಿನ ‘ವೈ’ ಪದವನ್ನು ಎಳೆದು ಹೇಳಿ ನೋಡಿ: ಉ, ಆ, ಎ, ಇ. ನೀವು ಹಾಡುವ ಸ್ವರಾಕ್ಷರಗಳೂ ಪ್ಲಂಜರ್ ಮುಚ್ಚಿ ತೆರೆಯುವುದೂ ಈ ಒಂದು ಪದವನ್ನೇ ಒಡೆದು ಹರಡುತ್ತವೆ. ಇದು ತಿಳಿಯದೆ ಪ್ಲಂಜರ್ ಆಡಿಸಿದರೆ ಬರೀ ‘ವಾ ವಾ’ ಆಗುತ್ತದೆ. ವಾದ್ಯ ಕೆಳಗಿಟ್ಟು ಕನ್ನಡಿಯ ಮುಂದೆ ಆ ನಾಲ್ಕು ಅಕ್ಷರಗಳಿಗೆ ಬಾಯಿಯನ್ನೂ ಅಂಗೈಯನ್ನೂ ಒಟ್ಟಿಗೆ ಹೊಂದಿಸಿ ಅಭ್ಯಾಸ ಮಾಡಿ.

ಮೊದಲ ಭಾಗ ನಿಂತು, ಸಭೆಯನ್ನು ರಂಜಿಸಲು ಬಂದ ಆಟಗಾರನಂತೆ. ‘ವೈ’ ಎಂದ ಮೇಲೆ ಕುಳಿತು, ಖಾಲಿ ಸಭಾಂಗಣದಲ್ಲಿ ಒಬ್ಬರೇ ಅಭ್ಯಾಸ ಮಾಡುವಂತೆ. ಎರಡನೆಯ ಭಾಗದಲ್ಲಿ ಸಭಿಕರತ್ತ ನೋಡಲೇಬೇಡಿ.

ಪ್ರಶ್ನೆ ಕೇಳಿದವರು

ಲೋಹದ ಪ್ಲಂಜರ್ ಹಿಡಿದರೆ ಎಡಗೈಯಲ್ಲಿ ವಾದ್ಯದ ಭಾರ ನಿಲ್ಲುತ್ತಿಲ್ಲ. ‘ವೈ’ ಬಗ್ಗೆ ಮೊದಲೇ ಹೇಳಲೇ?

ಉತ್ತರ 3

ಟ್ರಿಗರ್‌ನ ಕೊಳವೆಗಳಿಂದ ಎಡಗೈಗೆ ಭಾರ ಹೆಚ್ಚು. ಹೆಬ್ಬೆರಳ ಬುಡ ಮತ್ತು ಅಂಗೈಯಲ್ಲಿ ವಾದ್ಯ ಹೊರಿ, ಬೆರಳ ತುದಿಯಲ್ಲಿ ಪ್ಲಂಜರ್ ಹಿಡಿಯಿರಿ. ಆದರೂ ಮಣಿಕಟ್ಟು ನಡುಗಿದರೆ ವಾದ್ಯಕ್ಕೆ ಆನಿಕೆ ಕೋಲು ಕೊಡಿ. ನಡುಗುವ ಕೈಯಲ್ಲಿ ಉ, ಆ ಬೇರೆಯಾಗಿ ಕೇಳುವುದಿಲ್ಲ.

ಹಾಳೆಯಲ್ಲಿ ಗ್ರಾಕ್ ಹೆಸರು, ಒನೆಲ್ಯಾ, 1966 ಇಷ್ಟಿರಲಿ. ಆ ಪ್ರಶ್ನೆಯನ್ನು ಅಚ್ಚು ಹಾಕಿಸಬೇಡಿ, ಸಭಿಕರು ಅದನ್ನು ನಿಮ್ಮ ಬಾಯಿಂದಲೇ ಮೊದಲು ಕೇಳಬೇಕು. ‘ಬಾಸ್ಟಾ’ಕ್ಕೆ ಒಂದು ಸಾಲು ಸಾಕು. ಮಾತಾಡುವುದಿದ್ದರೆ ಬಾಖ್‌ಗೆ ಮುಂಚೆ ಎರಡು ನಿಮಿಷ ಮಾತಾಡಿ, ಆ ಹೊತ್ತಿಗೆ ತುಟಿಗೂ ರಕ್ತ ಮರಳುತ್ತದೆ.