ದಪ್ಪ ಇರುವವರಿಗೇ ಹಲ್ಲು ಹುಳುಕು ಜಾಸ್ತಿನಾ?

ಇಬ್ಬರ ಅಮ್ಮ:
ನನ್ನ ಮಗನ ತೂಕ ವಯಸ್ಸಿಗಿಂತ ಜಾಸ್ತಿ, ಆದರೆ ಒಂದು ಹಲ್ಲೂ ಕೆಟ್ಟಿಲ್ಲ. ಮಗಳಿಗೆ ಐದು ವರ್ಷ, ತುಂಬಾ ಸಣ್ಣ, ಅವಳ ದವಡೆ ಹಲ್ಲುಗಳೇ ಹುಳುಕಾಗಿವೆ. ದಪ್ಪ ಮಕ್ಕಳಿಗೆ ಹಲ್ಲು ಬೇಗ ಹಾಳಾಗುತ್ತದೆ ಅಂತ ಓದಿದ್ದೆ, ಇಲ್ಲಿ ಉಲ್ಟಾ ಆಗಿದೆಯಲ್ಲಾ? ಮಗಳು ಊಟ ಸರಿಯಾಗಿ ಮಾಡುವುದಿಲ್ಲ. ಸ್ವಲ್ಪ ಮೈ ಹಿಡಿಯಲಿ ಅಂತ ಆಗಾಗ ಬಿಸ್ಕತ್ತು, ಜ್ಯೂಸ್ ಕೊಡುತ್ತಾ ಇರುತ್ತೇನೆ.

ಬಿಳಿಹಲ್ಲು:
ಆ "ಆಗಾಗ" ಅನ್ನುವುದರಲ್ಲೇ ಉತ್ತರ ಇದೆ ಅನಿಸುತ್ತದೆ. ತೂಕ ನೇರವಾಗಿ ಹಲ್ಲನ್ನು ಕೆಡಿಸುವುದಿಲ್ಲ. ಸಕ್ಕರೆ ಎರಡಕ್ಕೂ ಕಾರಣ ಆಗಬಹುದು, ಆದರೆ ತೂಕಕ್ಕೆ ಮುಖ್ಯ ದಿನಕ್ಕೆ ಒಟ್ಟು ಎಷ್ಟು ತಿಂದರು ಅನ್ನುವುದು, ಹಲ್ಲಿಗೆ ಎಷ್ಟು ಸಲ ತಿಂದರು ಅನ್ನುವುದೂ ಅಷ್ಟೇ ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ. ಬಾಯಿಯ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಖನಿಜ ಕರಗಲು ಶುರು. ಅದನ್ನು ಜೊಲ್ಲು ಸರಿಮಾಡಲು ಅರ್ಧ ಗಂಟೆ, ಒಮ್ಮೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟರಲ್ಲಿ ಮತ್ತೊಂದು ಗುಟುಕು ಜ್ಯೂಸ್ ಕುಡಿದರೆ ಮತ್ತೆ ಮೊದಲಿನಿಂದ. ಹೀಗೆ ದಿನವಿಡೀ ನಡೆದರೆ ಸಣ್ಣ ಮಗುವಾದರೇನು, ದಪ್ಪ ಮಗುವಾದರೇನು, ಹಲ್ಲು ಉಳಿಯುವುದಿಲ್ಲ. ಅಧ್ಯಯನಗಳಲ್ಲೂ ಒಂದೇ ಉತ್ತರ ಸಿಕ್ಕಿಲ್ಲ. ಕೆಲವು ಕಡೆ ತೂಕ ಜಾಸ್ತಿ ಇರುವ ಮಕ್ಕಳಲ್ಲಿ ಹುಳುಕು ಹೆಚ್ಚು, ಕೆಲವು ಕಡೆ ತೂಕ ಕಡಿಮೆ ಇರುವವರಲ್ಲಿ ಹೆಚ್ಚು.

ನಿಧಾನ_ಊಟ:
ಒಂದು ವಿಷಯ ದಯವಿಟ್ಟು ಗಮನಿಸಿ. ಹುಳುಕಿನಿಂದಲೇ ಮಗು ಸಣ್ಣ ಆಗಿರಬಹುದು! ನಮ್ಮ ಮಗ ಗಟ್ಟಿ ತಿಂಡಿ ಮುಟ್ಟುತ್ತಿರಲಿಲ್ಲ, ಒಂದೇ ಕಡೆ ಅಗಿಯುತ್ತಿದ್ದ, ರಾತ್ರಿ ಎದ್ದು ಅಳುತ್ತಿದ್ದ. ಹಠ ಅಂದುಕೊಂಡಿದ್ದೆವು, ನೋವಿತ್ತು. ಚಿಕ್ಕ ಮಕ್ಕಳಿಗೆ ಹಲ್ಲು ನೋವು ಅಂತ ಬಾಯಿಬಿಟ್ಟು ಹೇಳಲು ಬರುವುದಿಲ್ಲ ಅಲ್ವಾ? ಚಿಕಿತ್ಸೆ ಆದ ಮೇಲೆ ಊಟ, ನಿದ್ದೆ ಎರಡೂ ಸುಧಾರಿಸಿದವು. ಹಾಲುಹಲ್ಲು ತಾನೇ, ಬಿದ್ದು ಹೋಗುತ್ತದೆ ಅಂತ ಬಿಡಬೇಡಿ. ಹಾಲಿನ ದವಡೆ ಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೂ ಬೇಕು.

ಬಿಳಿಹಲ್ಲು:
ಹೌದು, ಇದು ನಿಜ. ಮಗನ ವಿಷಯದಲ್ಲೂ ನಿಶ್ಚಿಂತೆಯಿಂದ ಇರಬೇಡಿ. ತೂಕ ಜಾಸ್ತಿ ಇರುವ ಮಕ್ಕಳಿಗೆ ಶಾಶ್ವತ ಹಲ್ಲು ಸ್ವಲ್ಪ ಬೇಗ ಬರುವುದುಂಟು, ಅಂದರೆ ಅವು ಸಿಹಿಗೆ ಸಿಕ್ಕಿಕೊಳ್ಳುವ ಕಾಲವೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ತಿಂಡಿ-ಪಾನೀಯಕ್ಕೆ ಸೇರಿಸಿದ ಸಕ್ಕರೆ, ಜ್ಯೂಸ್, ಜೇನು ಎಲ್ಲದರ ಸಕ್ಕರೆ ದಿನದ ಕ್ಯಾಲೊರಿಯ 10%ಗಿಂತ ಕಡಿಮೆ ಇರಲಿ ಅಂದಿತು. ತೂಕ ಮತ್ತು ಹುಳುಕು ಎರಡನ್ನೂ ನೋಡಿಯೇ ಹೇಳಿದ ಮಾತು ಅದು.

ಇಬ್ಬರ ಅಮ್ಮ:
ಅವಳೂ ಒಂದೇ ಕಡೆ ಅಗಿಯುತ್ತಾಳೆ. ಈ ವಾರವೇ ಡೆಂಟಿಸ್ಟ್‌ಗೆ ತೋರಿಸುತ್ತೇನೆ. ಆದರೆ ತೂಕ ಬರಲು ಏನು ಕೊಡಲಿ?

ನಿಧಾನ_ಊಟ:
ಮೊಟ್ಟೆ, ಮೊಸರು, ಕಾಳು, ತುಪ್ಪ ಹಾಕಿದ ಅನ್ನ ಕೊಡಿ, ಸಿಹಿ ಏನಿದ್ದರೂ ಊಟದ ಜೊತೆಗೇ ಮುಗಿಯಲಿ. ನಡುವೆ ಬಾಯಾರಿದರೆ ನೀರು. ರಾತ್ರಿ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ನೀವೇ ಉಜ್ಜಿ, ಉಗುಳಿಸಿ. ಆಮೇಲೆ ಹಾಲೂ ಬೇಡ.