ಹಾರುವ ತಟ್ಟೆಗಳನ್ನ ಅಧ್ಯಯನ ಮಾಡಿದ ವಿಜ್ಞಾನಿ ನಿಜವಾಗ್ಲೂ ಯಾರಾದ್ರೂ ಇದ್ದಾರಾ?

ಸಹನಾ_ಹಾಸನ ಕೇಳಿದ್ದು:

ನನ್ನ ತಮ್ಮ ಸೆಕೆಂಡ್ ಪಿಯುಸಿ ಸೈನ್ಸ್. ರಾತ್ರಿ ಹೊತ್ತು ಯುಎಫ್‌ಒ ವಿಡಿಯೊ ನೋಡ್ಕೊಂಡು ಕೂತಿರ್ತಾನೆ, ಮುಂದೆ ಅದನ್ನೇ ಓದ್ತೀನಿ ಅಂತಾನೆ. ಅಪ್ಪನಿಗೆ ಸಿಟ್ಟು. ನನಗೆ ಅವನನ್ನ ಬೈಯೋಕೆ ಮನಸ್ಸಿಲ್ಲ, ಆದ್ರೆ ಏನು ಹೇಳ್ಬೇಕು ಅಂತಾನೂ ಗೊತ್ತಿಲ್ಲ. ಯೂನಿವರ್ಸಿಟಿಯಲ್ಲಿ ಕೆಲಸದಲ್ಲಿದ್ದು ಇದನ್ನ ಗಂಭೀರವಾಗಿ ಅಧ್ಯಯನ ಮಾಡಿದವರು ಇದ್ದಾರಾ? ಅವರ ಬದುಕು ಹೇಗಿತ್ತು? ಸಂಬಳ ಯಾರು ಕೊಡ್ತಿದ್ರು?

ತಿಪಟೂರು_ಮೇಷ್ಟ್ರು:

ಇದ್ರು ಸಹನಾ ಅವರೇ. ಜೋಸೆಫ್ ಅಲೆನ್ ಹೈನೆಕ್ ಅಂತ, ಅಮೆರಿಕದ ಖಗೋಳ ವಿಜ್ಞಾನಿ. ಪಿಯು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತಿದ್ದಷ್ಟು ಕಾಲವೂ ನಾನು ಮಕ್ಕಳಿಗೆ ಈ ಮನುಷ್ಯನ ಕಥೆ ಹೇಳಿದ್ದೇನೆ. ನಿಮ್ಮ ತಮ್ಮನಿಗೂ ಹೇಳಿ.

1910ರ ಮೇ 1ರಂದು ಶಿಕಾಗೋದಲ್ಲಿ, ಜೆಕ್ ಮೂಲದ ಮನೆಯಲ್ಲಿ ಹುಟ್ಟಿದ್ದು. ಯರ್ಕ್ಸ್ ವೀಕ್ಷಣಾಲಯದಲ್ಲಿ ಕೆಲಸ ಮಾಡಿ 1935ರಲ್ಲಿ ಪಿಎಚ್‌ಡಿ, ಆಮೇಲೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. 1947ರ ಜೂನ್‌ನಲ್ಲಿ ಕೆನೆತ್ ಆರ್ನಲ್ಡ್ ಅನ್ನೋ ಪೈಲಟ್ ಮೌಂಟ್ ರೇನಿಯರ್ ಹತ್ತಿರ ಒಂಬತ್ತು ವಸ್ತುಗಳು ಸಾಲಾಗಿ ಹಾರಿದ್ದನ್ನ ಕಂಡೆ ಅಂದ. ಅಲ್ಲಿಂದ ದೇಶದ ಮೂಲೆಮೂಲೆಯಿಂದ ವರದಿಗಳು ಬರೋಕೆ ಶುರುವಾದವು. ಅಮೆರಿಕದ ವಾಯುಪಡೆಗೆ ಒಬ್ಬ ಖಗೋಳ ವಿಜ್ಞಾನಿ ಬೇಕಾಯ್ತು. ಅವರ ನೆಲೆ ಒಹಾಯೊ ರಾಜ್ಯದ ಡೇಟನ್‌ನಲ್ಲಿ, ಹೈನೆಕ್ ಪಾಠ ಮಾಡ್ತಿದ್ದದ್ದು ಅದೇ ರಾಜ್ಯದ ಕೊಲಂಬಸ್‌ನಲ್ಲಿ. 1948ರಲ್ಲಿ ಕರೆಸಿಕೊಂಡರು. ನಕ್ಷತ್ರ, ಗ್ರಹ, ಉಲ್ಕೆ ನೋಡಿ ಬೆದರಿದವರ ವರದಿ ಯಾವುದು ಅಂತ ಬೇರ್ಪಡಿಸಿ ಕೊಡೋದು ಕೆಲಸ. ಸಂಬಳ ವಿಶ್ವವಿದ್ಯಾಲಯದ್ದು, ವಾಯುಪಡೆಗೆ ಅವರು ಸಲಹೆಗಾರ ಮಾತ್ರ. ಮೊದಮೊದಲು ಅವರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಇದೆಲ್ಲ ಬೇಗ ತಣ್ಣಗಾಗುತ್ತೆ ಅಂದುಕೊಂಡಿದ್ದರು.

ಈ ವರದಿಗಳನ್ನ ಪರಿಶೀಲಿಸೋ ವಾಯುಪಡೆಯ ಯೋಜನೆಗೆ 1952ರಿಂದ ಬ್ಲೂ ಬುಕ್ ಅಂತ ಹೆಸರು. ಅದರ ಪ್ರಶ್ನಾವಳಿಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪ್ರಶ್ನೆ ಇದೆ: ನೀವು ಕಂಡದ್ದು ಎಷ್ಟು ದೊಡ್ಡದಿತ್ತು? ಮೀಟರು, ಅಡಿ ಕೇಳೋದಿಲ್ಲ. ಕೈ ಪೂರ್ತಿ ಚಾಚಿ ಹಿಡಿದರೆ ಯಾವುದರಷ್ಟು ಕಾಣುತ್ತಿತ್ತು? ಗುಂಡುಸೂಜಿಯ ತಲೆಯೋ, ಬಟಾಣಿಯೋ, ನಾಣ್ಯವೋ, ಚೆಂಡೋ? ಆಕಾಶದಲ್ಲಿ ದೂರ ಗೊತ್ತಿಲ್ಲದೆ ಗಾತ್ರ ಹೇಳೋಕೆ ಯಾರಿಂದಲೂ ಆಗಲ್ಲ, ಕೋನ ಮಾತ್ರ ಹೇಳಬಹುದು. ಹುಣ್ಣಿಮೆ ರಾತ್ರಿ ಮಕ್ಕಳ ಕೈಗೆ ಒಂದೊಂದು ಬಟಾಣಿ ಕೊಟ್ಟು, ಒಂದು ಕಣ್ಣು ಮುಚ್ಚಿ ಚಂದ್ರನ ಮುಂದೆ ಹಿಡೀರಿ ಅಂತೀನಿ. ಚಂದ್ರ ಪೂರ್ತಿ ಮರೆಯಾಗ್ತಾನೆ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಅರ್ಧ ಡಿಗ್ರಿ ಅಂದ್ರೆ ಏನು ಅಂತ ಆಮೇಲೆ ವಿವರಿಸಬೇಕಾಗೇ ಇಲ್ಲ.

1956ರಲ್ಲಿ ಅವರು ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯ ಸೇರಿ, ಉಪಗ್ರಹಗಳ ಮೇಲೆ ಕಣ್ಣಿಡುವ ವ್ಯವಸ್ಥೆ ಕಟ್ಟಿದರು. 1957ರ ಅಕ್ಟೋಬರ್‌ನಲ್ಲಿ ಸ್ಪುಟ್ನಿಕ್ ಹಾರಿದಾಗ ಅದರ ಬೆಲೆ ಗೊತ್ತಾಯ್ತು. ಆ ಜಾಲದ ಬೇಕರ್-ನನ್ ಕ್ಯಾಮೆರಾಗಳಲ್ಲಿ ಒಂದು ನಮ್ಮ ನೈನಿತಾಲ್‌ನಲ್ಲಿತ್ತು! 1960ರಿಂದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಖಗೋಳ ವಿಭಾಗದ ಮುಖ್ಯಸ್ಥ. ಹಾರುವ ತಟ್ಟೆ ಬಿಟ್ಟರೆ ಬೇರೆ ಕೆಲಸ ಇಲ್ಲದ ಮನುಷ್ಯ ಅಂತ ಯಾರಾದ್ರೂ ಅಂದ್ರೆ ಇದನ್ನ ತೋರಿಸಿ.

ಇನ್ನು 1966ರ ಮಾರ್ಚ್. ಮಿಷಿಗನ್‌ನಲ್ಲಿ ಒಂದು ಜೌಗಿನ ಮೇಲೆ ಬೆಳಕು ಕಂಡಿತು ಅಂತ ಒಂದು ರೈತ ಕುಟುಂಬ, ಇನ್ನೊಂದು ಊರಲ್ಲಿ ಹಾಸ್ಟೆಲಿನ ಹುಡುಗಿಯರು ಹೇಳಿದರು. ಹೈನೆಕ್ ಹೋಗಿ ನೋಡಿ ಬಂದರು. 25ನೇ ತಾರೀಕು ಡೆಟ್ರಾಯಿಟ್‌ನಲ್ಲಿ ಪತ್ರಕರ್ತರು ಕಿಕ್ಕಿರಿದಿದ್ದರು. ಇದು ಜೌಗಿನ ಅನಿಲದ ಬೆಳಕು ಇರಬಹುದು ಅಂತ ಹೈನೆಕ್ ಅವರಿಗೆ ಹೇಳಿದರು. ನಮ್ಮ ಕಡೆ ಕೊಳ್ಳಿದೆವ್ವ ಅಂತಾರಲ್ಲ, ಅದೇ. ಈ ಎರಡು ಪ್ರಕರಣಕ್ಕೆ ಮಾತ್ರ ಈ ಮಾತು ಅಂತಲೂ ಸೇರಿಸಿದ್ದರು. ಪತ್ರಿಕೆಗಳು ಆ ಎಚ್ಚರಿಕೆಯನ್ನ ಕೈಬಿಟ್ಟು 'ಜೌಗಿನ ಅನಿಲ' ಒಂದನ್ನೇ ಹಿಡಿದುಕೊಂಡವು. ದೇಶವೆಲ್ಲ ನಕ್ಕಿತು, ಕಂಡವರಿಗೆ ಅವಮಾನವಾಯ್ತು. ಆಗ ಮಿಷಿಗನ್‌ನ ಸಂಸದರಾಗಿದ್ದ ಜೆರಾಲ್ಡ್ ಫೋರ್ಡ್, ಮುಂದೆ ಅಧ್ಯಕ್ಷರಾದವರು, ಸಂಸತ್ತೇ ವಿಚಾರಣೆ ಮಾಡಲಿ ಅಂತ ಒತ್ತಾಯಿಸಿದರು.

ಇದಾದ ಮೇಲೆ ಹೈನೆಕ್ ವಾಯುಪಡೆಯ ಕೆಲಸದ ರೀತಿಯನ್ನ ಬಹಿರಂಗವಾಗಿ ಪ್ರಶ್ನಿಸುತ್ತಾ ಬಂದರು. 1969ರ ಡಿಸೆಂಬರ್‌ನಲ್ಲಿ ಬ್ಲೂ ಬುಕ್ ಮುಚ್ಚಿತು. ಒಟ್ಟು 12,618 ವರದಿ, ಅದರಲ್ಲಿ 701 ಗುರುತು ಹತ್ತದೆ ಉಳಿದವು. 1972ರ ಪುಸ್ತಕದಲ್ಲಿ ಅವರು ವರದಿಗಳನ್ನ ವಿಂಗಡಿಸಿದರು: ರಾತ್ರಿಯ ಬೆಳಕು, ಹಗಲಿನ ತಟ್ಟೆ, ರೇಡಾರ್ ಮತ್ತು ಕಣ್ಣು ಎರಡಕ್ಕೂ ಸಿಕ್ಕಿದ್ದು, ಮತ್ತೆ ಹತ್ತಿರದಿಂದ ಕಂಡ ಮೂರು ಬಗೆ. 1973ರಲ್ಲಿ ತಮ್ಮದೇ ಅಧ್ಯಯನ ಕೇಂದ್ರ ಶುರು ಮಾಡಿದರು. 1986ರ ಏಪ್ರಿಲ್ 27ರಂದು ತೀರಿಕೊಂಡರು.

ವಾಯುಮಂಡಲ_ವಿನಯ್:

ಸರ್, ಒಂದು ಆಕ್ಷೇಪ. ಅರಿಜೋನಾ ವಿಶ್ವವಿದ್ಯಾಲಯದ ವಾತಾವರಣ ವಿಜ್ಞಾನಿ ಜೇಮ್ಸ್ ಮೆಕ್‌ಡೊನಾಲ್ಡ್ ಇವರನ್ನ ನೇರವಾಗಿ ತರಾಟೆಗೆ ತಗೊಂಡಿದ್ರು. ಫೈಲು ಕೈಯಲ್ಲಿಟ್ಟುಕೊಂಡು ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ ಅಂತ. ಅದನ್ನೂ ಹೇಳಬೇಕಲ್ವಾ?

ತಿಪಟೂರು_ಮೇಷ್ಟ್ರು:

ಹೇಳಲೇಬೇಕು ವಿನಯ್. ಮೊದಲೇ ಜಗಳಕ್ಕೆ ನಿಂತಿದ್ದರೆ ಆ ಫೈಲುಗಳೇ ಕೈತಪ್ಪುತ್ತಿದ್ದವು ಅನ್ನೋದು ಹೈನೆಕ್ ಕೊಟ್ಟ ಕಾರಣ. ನನಗೆ ಅದು ಅರ್ಧ ಒಪ್ಪಿಗೆ. ವರದಿ ಕೊಟ್ಟವರನ್ನ ಗೇಲಿ ಮಾಡೋದು ವಿಜ್ಞಾನದ ವಿಧಾನ ಅಲ್ಲ ಅಂತ ಅವರು 1952ರಲ್ಲೇ ವಿಜ್ಞಾನಿಗಳ ಸಭೆಯಲ್ಲಿ ಹೇಳಿದ್ದರು. ಅದನ್ನ ಹೊರಗಿನ ಜನಕ್ಕೂ ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು. ಮೆಕ್‌ಡೊನಾಲ್ಡ್ ಸಿಟ್ಟು ನ್ಯಾಯವಾದದ್ದೇ.

ಸಹನಾ_ಹಾಸನ:

ಥ್ಯಾಂಕ್ಸ್ ಸರ್. ತಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ಆ 701 ಬೇರೆ ಗ್ರಹದವರದ್ದಾ?" ಅಂತಾನೆ. ಈಗ ಇಂಥ ಕೆಲಸ ಎಲ್ಲಾದ್ರೂ ಇದೆಯಾ ಅಂತಾನೂ ಕೇಳ್ತಿದ್ದಾನೆ.

ತಿಪಟೂರು_ಮೇಷ್ಟ್ರು:

ಗುರುತು ಹತ್ತಲಿಲ್ಲ ಅಂದ್ರೆ ಅಷ್ಟೇ ಅರ್ಥ ಕಣಮ್ಮ. ಇದ್ದ ಮಾಹಿತಿಯಿಂದ ಏನು ಅಂತ ಹೇಳೋಕೆ ಆಗಲಿಲ್ಲ. ಅಲ್ಲಿಂದ ಬೇರೆ ಗ್ರಹಕ್ಕೆ ಹಾರಬೇಕಾದ್ರೆ ಬೇರೆಯದೇ ಪುರಾವೆ ಬೇಕು. ನನಗೂ ಸಂಜೆ ಹೊತ್ತು ಫೋನ್ ಬರುತ್ತೆ, "ಸಾರ್, ಪಡುವಣದಲ್ಲಿ ಏನೋ ಉರೀತಿದೆ" ಅಂತ. ಹೆಚ್ಚಿನ ಸಲ ಶುಕ್ರ, ಈಚೆಗೆ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು. ಫೋನ್ ಮಾಡಿದವರನ್ನ ನಾನು ಯಾವತ್ತೂ ನಕ್ಕು ಕಳಿಸಿಲ್ಲ. ದಿಕ್ಕು, ಎತ್ತರ, ಎಷ್ಟು ಹೊತ್ತು, ಎಲ್ಲಾ ಕೇಳ್ತೀನಿ.

ಕೆಲಸ ಇದೆ. ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ 1977ರಿಂದಲೂ ಟುಲೂಸ್‌ನಲ್ಲಿ ಇದಕ್ಕೇ ಒಂದು ವಿಭಾಗ ಇಟ್ಟುಕೊಂಡಿದೆ. ನಾಸಾ ನೇಮಿಸಿದ್ದ ಸ್ವತಂತ್ರ ತಂಡ 2023ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು. ಅದರ ಮುಖ್ಯ ದೂರು, ಸರಿಯಾಗಿ ಅಳತೆ ಮಾಡಿದ ಮಾಹಿತಿಯೇ ಇಲ್ಲ ಅಂತ. ನಿಮ್ಮ ತಮ್ಮ ಮೊದಲು ಬಿಎಸ್ಸಿ, ಎಂಎಸ್ಸಿ ಫಿಸಿಕ್ಸ್ ಮುಗಿಸಲಿ. ಆಮೇಲೆ ಜೆಸ್ಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಂಥ ಕಡೆ ಪಿಎಚ್‌ಡಿಗೆ ಪ್ರಯತ್ನಿಸಲಿ. ಅಪ್ಪನಿಗೂ ಇದನ್ನೇ ಹೇಳಿ, ಅವರು ಬೇಡ ಅನ್ನಲಾರರು. ಸದ್ಯಕ್ಕೆ ಆಪ್ಟಿಕ್ಸ್‌ನಲ್ಲಿ ಎಲ್ಲಾದ್ರೂ ಲೆಕ್ಕ ಸಿಕ್ಕಿಹಾಕಿಕೊಂಡ್ರೆ ಇಲ್ಲೇ ಹಾಕಲಿ, ಬಿಡಿಸಿ ಕೊಡ್ತೀನಿ.